ಧ್ರುವ ಕಾಣದ ಅಂಗಳ: ಕಾಸರಗೋಡಿನ ಒಂದು ಆಕಾಶ ಛಾಯಾಗ್ರಹಣ ಪ್ರಕರಣ

ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಒಳನಾಡಿನಲ್ಲಿ, ಪೇಟೆಯಿಂದ ಏಳೆಂಟು ಕಿಲೋಮೀಟರ್ ಆಚೆ, ಅಡಿಕೆ ತೋಟದ ಅಂಚಿನ ಒಂದು ಮನೆಯ ಅಂಗಳದಲ್ಲಿ ಎರಡು ಬೇಸಗೆಗಳ ಕಾಲ ನಡೆದ ಕೆಲಸದ ವಿವರವಿದು. ಊರಿನ ಹೆಸರನ್ನೂ ಮನೆಯವರ ಹೆಸರುಗಳನ್ನೂ ಬಿಟ್ಟಿದ್ದೇನೆ. ಉಳಿದುದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕೆಲಸ ಮಾಡಿದವರು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಗಣಿತ ಕಲಿಸುವ ಅಧ್ಯಾಪಿಕೆ. ಊರಿನವರು ಅವರನ್ನು ಟೀಚರ್ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಇದೇ ಹವ್ಯಾಸಕ್ಕೆ ಅವರಿಗಿಂತ ಕೆಲವು ವರ್ಷ ಮೊದಲು ಬಿದ್ದವನೆಂಬ ಕಾರಣಕ್ಕೆ ಅವರು ನನ್ನನ್ನು ಫೋನಿನಲ್ಲಿ ವಿಚಾರಿಸುತ್ತಿದ್ದರು. ಮೂರು ಬಾರಿ ಆ ಅಂಗಳಕ್ಕೆ ಹೋಗಿಯೂ ಬಂದಿದ್ದೇನೆ.

ಅವರ ಆಸಕ್ತಿ ಮೊಳೆತದ್ದು 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದಂದು. ಆ ಗ್ರಹಣದ ಕಂಕಣಪಥ ಕಾಸರಗೋಡಿನ ಮೇಲೆಯೇ ಹಾದುಹೋಗಿತ್ತು. ಶಾಲೆಯ ಮಕ್ಕಳನ್ನು ಮರದಡಿಗೆ ಕರೆದುಕೊಂಡು ಹೋಗಿ, ಎಲೆಗಳ ಸಂದಿನಿಂದ ನೆಲಕ್ಕೆ ಬಿದ್ದ ಬೆಳಕಿನ ಬೊಟ್ಟುಗಳೆಲ್ಲ ಬಳೆಗಳಾದುದನ್ನು ತೋರಿಸಿದ ನೆನಪನ್ನು ಅವರು ಇವತ್ತಿಗೂ ಹೇಳುತ್ತಾರೆ. ಮುಂದಿನ ಎರಡು ವರ್ಷಗಳಲ್ಲಿ ಅವರು 24 ಮೆಗಾಪಿಕ್ಸೆಲ್‌ನ ಒಂದು ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನೂ ಕೈಬದಲಾದ 200 ಮಿಲಿಮೀಟರ್ ಲೆನ್ಸ್ ಒಂದನ್ನೂ ಕೊಂಡರು. ಕೊನೆಗೆ, ಭೂಮಿಯ ತಿರುಗುವಿಕೆಗೆ ಸರಿಯಾಗಿ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ಹಾಕುತ್ತ ಕ್ಯಾಮೆರಾವನ್ನು ನಕ್ಷತ್ರಗಳ ಹಿಂದೆಯೇ ತಿರುಗಿಸುವ ಪುಟ್ಟ ಯಂತ್ರ, ಟ್ರ್ಯಾಕರ್ ಒಂದನ್ನು ಕೊಂಡರು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆ ಎಂಬ ಅನಿಲ ಧೂಳುಗಳ ಮೋಡ, ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿ, ದಕ್ಷಿಣದ ನಕ್ಷತ್ರಗುಚ್ಛಗಳು, ಹೀಗೆ ಸೌರವ್ಯೂಹದಾಚೆಯ ಮಸುಕಾದ ಕಾಯಗಳನ್ನು ಮನೆಯ ಅಂಗಳದಿಂದಲೇ ಚಿತ್ರಿಸಬೇಕೆಂಬುದು ಅವರ ಆಸೆ. ಕಾರಿನಲ್ಲಿ ಉಪಕರಣ ತುಂಬಿಸಿಕೊಂಡು ಕತ್ತಲೆಯ ಗುಡ್ಡಗಳನ್ನು ಹುಡುಕಿ ಹೋಗುವುದು ಅವರಿಗೆ ಸಾಧ್ಯವಿರಲಿಲ್ಲ. ಮರುದಿನ ಬೆಳಗ್ಗೆ ಶಾಲೆಯಿರುತ್ತದೆ, ಗಂಡ ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ, ಮನೆಯಲ್ಲಿ ವಯಸ್ಸಾದ ಅತ್ತೆ ಮಾವ ಇದ್ದಾರೆ. ಏನು ಮಾಡುವುದಿದ್ದರೂ ಆ ಅಂಗಳದಿಂದಲೇ ಮಾಡಬೇಕಾಗಿತ್ತು, ಮತ್ತು ಈ ಪ್ರಕರಣದಲ್ಲಿ ಮುಂದೆ ತೆಗೆದುಕೊಂಡ ನಿರ್ಧಾರಗಳೆಲ್ಲ ಈ ಒಂದು ಕಟ್ಟುಪಾಡಿನಿಂದಲೇ ಹುಟ್ಟಿದವು.

ಅಂಗಳದ ಸ್ವರೂಪವನ್ನು ಇಲ್ಲಿಯೇ ಹೇಳಿಬಿಡಬೇಕು. ಉತ್ತರಕ್ಕೆ ಮನೆ, ಮನೆಯ ಹಿಂದೆ ಎತ್ತರಕ್ಕೆ ಬೆಳೆದ ಅಡಿಕೆ ತೋಟ. ಪಶ್ಚಿಮಕ್ಕೆ ನೆರೆಮನೆ, ಅದರಾಚೆ ಪಂಚಾಯತಿನ ಬೀದಿದೀಪ. ಪೂರ್ವಕ್ಕೆ ಗುಡ್ಡದ ಏರು ಇದ್ದರೂ ಅದು ತಗ್ಗಿನದು. ದಕ್ಷಿಣಕ್ಕೆ ಮಾತ್ರ ಗದ್ದೆಯ ಬೈಲು, ಅಲ್ಲಿ ಆಕಾಶ ಹೆಚ್ಚುಕಡಿಮೆ ನೆಲದವರೆಗೂ ಬಿಡಿಯಾಗಿ ಕಾಣುತ್ತದೆ.

ಮೊದಲ ಬೇಸಗೆ

ನಮ್ಮ ಕಡೆ ಆಕಾಶ ತೆರೆಯುವ ಕಾಲ ಬಹಳ ಸಣ್ಣದು. ಜೂನಿನಿಂದ ಸೆಪ್ಟೆಂಬರ್ ವರೆಗೆ ಮಳೆಗಾಲ, ಅಕ್ಟೋಬರ್ ನವೆಂಬರಿನಲ್ಲಿ ಹಿಂಗಾರಿನ ಮೋಡ. ಡಿಸೆಂಬರಿನಿಂದ ಮಾರ್ಚ್ ವರೆಗಿನ ನಾಲ್ಕು ತಿಂಗಳು ಸಿಕ್ಕರೆ ಪುಣ್ಯ. ಅದರಲ್ಲೂ ಅಮಾವಾಸ್ಯೆಯ ಹಿಂದುಮುಂದಿನ ದಿನಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. 2022ರ ಜನವರಿಯಿಂದ ಮಾರ್ಚ್ ವರೆಗೆ ಟೀಚರ್ ಸುಮಾರು ಹದಿನೈದು ರಾತ್ರಿ ಕೆಲಸ ಮಾಡಿದರು. ಒಂದು ರಾತ್ರಿಯೂ ಗುಂಡಗಿನ ನಕ್ಷತ್ರವೊಂದು ಸಿಗಲಿಲ್ಲ. 60 ಸೆಕೆಂಡಿನ ಚಿತ್ರಗಳಲ್ಲಿ ಪ್ರತಿಯೊಂದು ನಕ್ಷತ್ರವೂ ಜೀರಿಗೆ ಕಾಳಿನಂತೆ ಉದ್ದವಾಗಿರುತ್ತಿತ್ತು.

ಟ್ರ್ಯಾಕರ್ ಇಲ್ಲದೆ ಈ ಲೆನ್ಸಿನಿಂದ ಎಷ್ಟು ಹೊತ್ತು ಚಿತ್ರ ತೆಗೆಯಬಹುದೆಂಬುದನ್ನು ಲೆಕ್ಕ ಹಾಕಿದರೆ ಈ ಕೆಲಸದ ಸೂಕ್ಷ್ಮ ತಿಳಿಯುತ್ತದೆ. ಆ ಕ್ಯಾಮೆರಾದ ಒಂದು ಪಿಕ್ಸೆಲ್ಲಿನ ಅಗಲ 3.7 ಮೈಕ್ರಾನ್. 200 ಮಿಲಿಮೀಟರ್ ಲೆನ್ಸಿನಲ್ಲಿ ಅದು ಆಕಾಶದ ಸುಮಾರು 3.8 ವಿಕಲೆಯನ್ನು ಆವರಿಸುತ್ತದೆ. ವಿಕಲೆಯೆಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ. ಆಕಾಶ ಒಂದು ಸೆಕೆಂಡಿಗೆ 15 ವಿಕಲೆ ಜರಗುತ್ತದೆ. ಅಂದರೆ ಕಾಲು ಸೆಕೆಂಡಿನಲ್ಲಿಯೇ ನಕ್ಷತ್ರ ಒಂದು ಪಿಕ್ಸೆಲ್ ದಾಟಿಬಿಡುತ್ತದೆ. ಟ್ರ್ಯಾಕರ್ ಈ ಓಟವನ್ನು ಹಿಂಬಾಲಿಸಬೇಕಾದರೆ ಅದರ ಅಕ್ಷ ಆಕಾಶದ ಧ್ರುವದತ್ತ, ಅಂದರೆ ನಕ್ಷತ್ರಗಳೆಲ್ಲ ಸುತ್ತುವಂತೆ ಕಾಣುವ ನಡುಬಿಂದುವಿನತ್ತ, ನೆಟ್ಟಗೆ ನಿಂತಿರಬೇಕು. ಅಕ್ಷ ಒಂದು ಡಿಗ್ರಿ ತಪ್ಪಿದರೆ ನಕ್ಷತ್ರ ನಿಮಿಷಕ್ಕೆ ಹದಿನೈದು ಹದಿನಾರು ವಿಕಲೆಯಷ್ಟು, ಈ ಕ್ಯಾಮೆರಾದಲ್ಲಿ ನಾಲ್ಕು ಪಿಕ್ಸೆಲ್‌ನಷ್ಟು, ಪಕ್ಕಕ್ಕೆ ಸರಿಯಬಲ್ಲದು.

ತೊಡಕು ಇದ್ದುದು ಅಲ್ಲಿಯೇ. ಈ ಹವ್ಯಾಸವನ್ನು ಕಲಿಸುವ ವೀಡಿಯೊಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕಗಳಲ್ಲಿ ಮಾಡಿದವು. ಅಲ್ಲಿ ಧ್ರುವನಕ್ಷತ್ರ 40, 50 ಡಿಗ್ರಿ ಎತ್ತರದಲ್ಲಿ ಢಾಳಾಗಿ ಕಾಣುತ್ತದೆ. ಟ್ರ್ಯಾಕರಿನಲ್ಲಿರುವ ಪುಟ್ಟ ದುರ್ಬೀನಿನ ಮೂಲಕ ಅದನ್ನು ನೋಡಿ ಗುರುತಿಗೆ ಕೂರಿಸಿದರೆ ಹೊಂದಾಣಿಕೆ ಮುಗಿಯಿತು. ಧ್ರುವನ ಎತ್ತರ ನಾವಿರುವ ಅಕ್ಷಾಂಶಕ್ಕೆ ಸಮ. ಕಾಸರಗೋಡಿನಲ್ಲಿ ಅದು ಹನ್ನೆರಡೂವರೆ ಡಿಗ್ರಿ ಮಾತ್ರ, ಅಂದರೆ ಕೈ ಚಾಚಿ ಹಿಡಿದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟು ತಗ್ಗಿನ ನಕ್ಷತ್ರ ತೆರೆದ ಬಯಲಿನಲ್ಲಿಯೂ ಮಂಕಾಗಿಯೇ ಕಾಣುತ್ತದೆ. ಟೀಚರ ಅಂಗಳದಿಂದಲಾದರೋ ಅಲ್ಲಿ ಕಾಣುವುದು ಮಾಡಿನ ಹಂಚು ಮತ್ತು ಅಡಿಕೆಯ ಸೋಗೆ.

ಧ್ರುವ ಕಾಣದಿದ್ದರೆ ಫೋನಿನ ದಿಕ್ಸೂಚಿಯನ್ನು ನೋಡಿ ಉತ್ತರ ಹಿಡಿಯಿರಿ ಎಂದು ಹೇಳಿದವನು ನಾನೇ. ಅದು ತಪ್ಪು ಸಲಹೆಯಾಗಿತ್ತು, ಅದಕ್ಕಾಗಿ ಅವರ ಅರ್ಧ ಬೇಸಗೆ ಹಾಳಾಯಿತು. ದಿಕ್ಸೂಚಿ ತೋರಿಸುವ ಉತ್ತರ ನಮ್ಮಲ್ಲಿ ನಿಜವಾದ ಉತ್ತರದಿಂದ ಒಂದೆರಡು ಡಿಗ್ರಿ ಪಶ್ಚಿಮಕ್ಕೆ ಇರುತ್ತದೆ. ಮೇಲಾಗಿ ಫೋನನ್ನು ಟ್ರ್ಯಾಕರಿನ ಮೇಲೆಯೇ ಇಟ್ಟರೆ ಅದರ ಮೋಟಾರು, ಕಬ್ಬಿಣದ ತಿರುಪುಗಳು, ಪಕ್ಕದಲ್ಲಿರುವ ತಗಡಿನ ಮಾಡು ಎಲ್ಲವೂ ಮುಳ್ಳನ್ನು ತಮ್ಮ ಕಡೆಗೆ ಎಳೆಯುತ್ತವೆ.

ಈ ನಡುವೆ ಟೀಚರ್ ಬೇರೆ ಬೇರೆ ಪ್ರಯತ್ನಗಳನ್ನೂ ಮಾಡಿದರು. ಟ್ರೈಪಾಡಿನ ಕಾಲಿಗೆ ಮರಳಿನ ಚೀಲ ಕಟ್ಟಿದರು. ಲೆನ್ಸನ್ನು ಇನ್ನೊಂದಕ್ಕೆ ಬದಲಿಸಿದರು. ಎಕ್ಸ್‌ಪೋಶರನ್ನು, ಅಂದರೆ ಒಂದು ಚಿತ್ರಕ್ಕೆ ಬೆಳಕು ಹಿಡಿಯುವ ಹೊತ್ತನ್ನು, 60 ಸೆಕೆಂಡಿನಿಂದ 30ಕ್ಕೆ ಇಳಿಸಿದರು. ಬೀದಿದೀಪದ ಬೆಳಕನ್ನು ತಡೆಯುತ್ತದೆಂದು ನಂಬಿ ಬೆಲೆಬಾಳುವ ಫಿಲ್ಟರ್ ಒಂದನ್ನು ತರಿಸಿದರು. ಕೆಲವು ರಾತ್ರಿ ಇವೆಲ್ಲವನ್ನೂ ಒಟ್ಟಿಗೇ ಮಾಡಿದರು. ಯಾವುದರಿಂದ ಏನಾಯಿತೆಂದು ಯಾರಿಗೂ ಹೇಳಲಾಗದ ಸ್ಥಿತಿ ಬಂತು. ಮಾರ್ಚ್ ಕೊನೆಯಲ್ಲಿ, ಟ್ರ್ಯಾಕರಿನ ಮೋಟಾರು ಕೆಟ್ಟಿದೆ, ಮಾರಿದವರಿಗೇ ಹಿಂದಿರುಗಿಸುತ್ತೇನೆ ಎಂದು ಅವರು ನನಗೆ ತಿಳಿಸಿದರು.

ಗೆರೆಯನ್ನು ಓದಿದ್ದು

ಟ್ರ್ಯಾಕರನ್ನು ಕಳುಹಿಸುವ ಮೊದಲು ಯಾವ ತಿದ್ದುಪಡಿಯನ್ನೂ ಮಾಡದ ಒಂದು ಮೂಲಚಿತ್ರವನ್ನು ನನಗೆ ಕಳುಹಿಸಿ ಎಂದು ಕೇಳಿಕೊಂಡೆ. ಈ ಪ್ರಕರಣದ ಮೊದಲ ತಿರುವು ಅದು. ಉದ್ದವಾದ ನಕ್ಷತ್ರಗಳನ್ನು ಕಂಡೊಡನೆ ಬೇಸರಪಟ್ಟು ಅಳಿಸಿಹಾಕುವವರೇ ಹೆಚ್ಚು. ಆದರೆ ಆ ಗೆರೆಗಳು ತಪ್ಪು ಎಲ್ಲಿದೆಯೆಂದು ತಾವೇ ಹೇಳುತ್ತಿರುತ್ತವೆ. ಗೆರೆ ಪೂರ್ವಪಶ್ಚಿಮವಾಗಿದ್ದರೆ ಟ್ರ್ಯಾಕರಿನ ವೇಗದಲ್ಲಿ ದೋಷವಿದೆ, ಇಲ್ಲವೇ ಅದರ ಹಲ್ಲುಚಕ್ರದಲ್ಲಿ ಏರುಪೇರಿದೆ. ಉತ್ತರದಕ್ಷಿಣವಾಗಿದ್ದರೆ ಅಕ್ಷ ಧ್ರುವದಿಂದ ತಪ್ಪಿದೆ. ಒಂದೊಂದು ಚಿತ್ರದಲ್ಲಿ ಒಂದೊಂದು ದಿಕ್ಕಿಗಿದ್ದರೆ ಗಾಳಿ ಅಥವಾ ಸಡಿಲವಾದ ಟ್ರೈಪಾಡು. ನಡುವೆ ಗುಂಡಗಿದ್ದು ಮೂಲೆಗಳಲ್ಲಿ ಮಾತ್ರ ಉದ್ದವಾಗಿದ್ದರೆ ಲೆನ್ಸಿನ ಗುಣ.

ಟೀಚರು ಕಳುಹಿಸಿದ್ದು ಮಹಾವ್ಯಾಧ ನೆತ್ತಿಯ ಬಳಿ ಇದ್ದಾಗ ತೆಗೆದ 60 ಸೆಕೆಂಡಿನ ಚಿತ್ರ. ಗೆರೆಗಳೆಲ್ಲ ಉತ್ತರದಕ್ಷಿಣವಾಗಿದ್ದವು, ಒಂದೊಂದರ ಉದ್ದ ಸುಮಾರು 12 ಪಿಕ್ಸೆಲ್. ಲೆಕ್ಕ ಸರಳ: ಡಿಗ್ರಿಗೆ ನಾಲ್ಕು ಪಿಕ್ಸೆಲ್‌ನಂತೆ 12 ಪಿಕ್ಸೆಲ್ಲಿಗೆ ಮೂರು ಡಿಗ್ರಿ. ಒಂದರ ಹಿಂದೆ ಒಂದರಂತೆ ತೆಗೆದ ಚಿತ್ರಗಳನ್ನು ಜೋಡಿಸಿ ನೋಡಿದಾಗ ನಕ್ಷತ್ರ ಉತ್ತರದ ಕಡೆಗೆ ಜಾರುತ್ತಿತ್ತು. ನೆತ್ತಿಗೆರೆಯ, ಅಂದರೆ ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಗೆರೆಯ, ಬಳಿಯ ನಕ್ಷತ್ರ ಉತ್ತರಕ್ಕೆ ಜಾರಿದರೆ ಅಕ್ಷ ಧ್ರುವದಿಂದ ಪಶ್ಚಿಮಕ್ಕೆ ಸರಿದಿದೆ ಎಂದರ್ಥ. ದಿಕ್ಸೂಚಿಯನ್ನು ನಂಬಿದರೆ ಆಗಬೇಕಾದದ್ದೂ ಅದೇ. ಮೋಟಾರಿನಲ್ಲಿ ಯಾವ ದೋಷವೂ ಇರಲಿಲ್ಲ.

ಇಷ್ಟು ತಿಳಿಯುವ ಹೊತ್ತಿಗೆ ಏಪ್ರಿಲ್ ಬಂದಿತ್ತು, ಸಂಜೆಯ ಗುಡುಗು ಮಳೆ ಶುರುವಾಗಿತ್ತು. ಆ ಮಳೆಗಾಲದಲ್ಲಿ ಇನ್ನೊಂದು ನಷ್ಟವೂ ಆಯಿತು. ತೇವ ತಾಗಬಾರದೆಂದು ಬದಲಿ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ, ಕಾಳುಮೆಣಸಿನ ಗೋಣಿಗಳ ಪಕ್ಕ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಅಡಿಕೆ ಮೆಣಸುಗಳಿಗೆ ಆ ಜಾಗ ಒಳ್ಳೆಯದೇ. ಲೆನ್ಸಿಗೆ ಮಾತ್ರ ಹೊಗೆಯ ಜಿಡ್ಡು ಹಿಡಿಯಿತು, ಆ ಜಿಡ್ಡಿನ ಮೇಲೆ ಜೇಡರ ಬಲೆಯಂತೆ ಬೂಸ್ಟು ಹಬ್ಬಿತು. ಬೂಸ್ಟನ್ನು ಒರೆಸಬಹುದು, ಅದು ಕೊರೆದ ಗಾಜಿನ ಲೇಪವನ್ನು ಮತ್ತೆ ತರಲಾಗದು. ಅಂದಿನಿಂದ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಕಾಳುಗಳ ಬಣ್ಣ ತಿರುಗಿದಾಗಲೆಲ್ಲ ಹುರಿದು ಒಣಗಿಸಿ ಮತ್ತೆ ಹಾಕುವ ಕ್ರಮ ಬಂದಿದೆ.

ಶಂಕು

ಎರಡನೆಯ ತಿರುವು 2022ರ ಡಿಸೆಂಬರಿನಲ್ಲಿ ಬಂದದ್ದು, ನನ್ನಿಂದಲ್ಲ. ಉತ್ತರವನ್ನು ಕಂಡುಹಿಡಿಯುವುದು ಹೇಗೆಂದು ಟೀಚರ್ ಜಗಲಿಯಲ್ಲಿ ಕುಳಿತು ಫೋನಿನಲ್ಲಿ ನನ್ನೊಡನೆ ಚರ್ಚಿಸುತ್ತಿದ್ದುದನ್ನು ಅವರ ಮಾವ ಕೇಳಿಸಿಕೊಂಡಿದ್ದರು. ಕೃಷಿಕರು, ಎಪ್ಪತ್ತು ದಾಟಿದವರು. ಮನೆ ಕಟ್ಟುವಾಗ ದಿಕ್ಕು ಹಿಡಿಯುವ ಹಳೆಯ ಕ್ರಮವನ್ನು ತಮ್ಮ ಹಿರಿಯರಿಂದ ಕಲಿತವರು. "ಆ ಯಂತ್ರಕ್ಕೆ ಉತ್ತರ ದಿಕ್ಕು ಬೇಕು ಅಂತಾದರೆ ಅದನ್ನು ರಾತ್ರಿಯೇ ಯಾಕೆ ಹುಡುಕಬೇಕು ಮಗಳೇ, ಹಗಲು ಸೂರ್ಯ ಇದ್ದಾನಲ್ಲ" ಎಂದರಂತೆ.

ಡಿಸೆಂಬರ್ 21ರಂದು ಬೆಳಗ್ಗೆ ಅವರು ಅಂಗಳದಲ್ಲಿ ಒಣಗಲು ಹರಡಿದ್ದ ಅಡಿಕೆಯನ್ನು ಒಂದು ಮೂಲೆಯಿಂದ ಬದಿಗೆ ಸರಿಸಿದರು. ನೀರು ಚೆಲ್ಲಿ ನೆಲ ಸಮತಟ್ಟಾಗಿದೆಯೇ ಎಂದು ನೋಡಿದರು. ಎರಡು ಅಡಿ ಎತ್ತರದ ನೆಟ್ಟನೆಯ ಕೋಲೊಂದನ್ನು ತೂಕದ ಗುಂಡಿನ ಆಸರೆಯಿಂದ ಲಂಬವಾಗಿ ನಿಲ್ಲಿಸಿದರು. ಅದರ ಬುಡವನ್ನು ಕೇಂದ್ರವಾಗಿಟ್ಟು, ಹಗ್ಗ ಹಿಡಿದು, ಎರಡೇ ಅಡಿ ತ್ರಿಜ್ಯದ ವೃತ್ತವನ್ನು ಸುಣ್ಣದಲ್ಲಿ ಎಳೆದರು. ಬೆಳಗ್ಗೆ ಉದ್ದವಾಗಿದ್ದ ನೆರಳು ಕುಗ್ಗುತ್ತ ಬಂದು, ಹತ್ತೂವರೆ ದಾಟಿದ ಮೇಲೆ ಅದರ ತುದಿ ವೃತ್ತವನ್ನು ಮುಟ್ಟಿತು. ಅಲ್ಲೊಂದು ಮೊಳೆ. ಮಧ್ಯಾಹ್ನದ ಊಟ ಮುಗಿದು, ಎರಡೂಕಾಲರ ಸುಮಾರಿಗೆ ನೆರಳು ಬೆಳೆಯುತ್ತ ವೃತ್ತದ ಇನ್ನೊಂದು ಬದಿಯನ್ನು ದಾಟಿತು. ಅಲ್ಲಿ ಇನ್ನೊಂದು ಮೊಳೆ. ಎರಡು ಮೊಳೆಗಳನ್ನು ಸೇರಿಸುವ ಗೆರೆ ಪೂರ್ವಪಶ್ಚಿಮ. ಅದಕ್ಕೆ ಲಂಬವಾಗಿ ಎಳೆದದ್ದು ಉತ್ತರದಕ್ಷಿಣ.

ದೇವಸ್ಥಾನ, ಮನೆಗಳ ದಿಕ್ಕು ಹಿಡಿಯಲು ಶತಮಾನಗಳಿಂದ ಬಳಕೆಯಲ್ಲಿರುವ ಶಂಕುವಿನ ಕ್ರಮ ಇದೇ. ಬೆಳಗ್ಗೆ ಮತ್ತು ಮಧ್ಯಾಹ್ನ ಸೂರ್ಯ ಒಂದೇ ಎತ್ತರಕ್ಕೆ ಬರುವ ಎರಡು ಗಳಿಗೆಗಳಲ್ಲಿ ನೆರಳಿನ ಉದ್ದವೂ ಒಂದೇ ಆಗಿರುತ್ತದೆಂಬುದೇ ಅದರ ತಿರುಳು. ಒಂದು ಸಣ್ಣ ದೋಷ ಮಾತ್ರ ಅದರಲ್ಲಿ ನುಸುಳಬಹುದು: ಆ ಮೂರೂಮುಕ್ಕಾಲು ಗಂಟೆಯಲ್ಲಿ ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಸ್ವಲ್ಪ ಸರಿದಿರುತ್ತಾನೆ. ಆದರೆ ಡಿಸೆಂಬರ್ 21, 22ರ ಸುಮಾರಿಗೆ ಸೂರ್ಯ ದಕ್ಷಿಣದ ತುತ್ತತುದಿಯಲ್ಲಿ ನಿಂತಂತಿರುವುದರಿಂದ ಈ ಸರಿತ ಇಲ್ಲವೆನ್ನುವಷ್ಟು ಕಡಿಮೆ. ವರ್ಷದಲ್ಲಿ ಈ ಕೆಲಸಕ್ಕೆ ಇಷ್ಟೇ ಒಳ್ಳೆಯ ದಿನ ಸಿಗುವುದು ಜೂನ್ 21ರ ಸುಮಾರಿಗೆ ಮಾತ್ರ, ಆಗ ನಮ್ಮಲ್ಲಿ ಮಳೆಗಾಲ, ಸೂರ್ಯನೇ ಕಾಣುವುದಿಲ್ಲ. ಸೂರ್ಯಬಿಂಬ ಅರ್ಧ ಡಿಗ್ರಿಯಷ್ಟು ಅಗಲವಿರುವುದರಿಂದ ನೆರಳಿನ ತುದಿ ಮಸುಕಾಗುತ್ತದೆ, ಹಾಗಾಗಿ ಗೆರೆಯಲ್ಲಿ ಅರ್ಧ ಡಿಗ್ರಿಯ ತಪ್ಪು ಉಳಿಯಬಹುದೆಂದು ನಾವು ಅಂದಾಜಿಸಿದೆವು. ಮೂರು ಡಿಗ್ರಿಯಿಂದ ಅರ್ಧ ಡಿಗ್ರಿಗೆ ಬಂದದ್ದು, ಅದೂ ಒಂದು ಪೈಸೆಯ ಖರ್ಚಿಲ್ಲದೆ.

ಉಳಿದ ಅರ್ಧ ಡಿಗ್ರಿಯನ್ನು ಡಿಸೆಂಬರ್ 23ರ ಅಮಾವಾಸ್ಯೆಯ ರಾತ್ರಿ ತಿದ್ದಿದರು. ಅದಕ್ಕೆ ಆರಿಸಿಕೊಂಡದ್ದು ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ ತುದಿಯದಾದ ಮಿಂಟಾಕವನ್ನು, ಏಕೆಂದರೆ ಅದು ಆಕಾಶದ ವಿಷುವದ್‌ವೃತ್ತದ, ಅಂದರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಹಾಯುವ ವೃತ್ತದ, ಮೇಲೆಯೇ ಇದ್ದಂತೆ ಇದೆ. ಸಂಜೆ ಏಳೂವರೆಗೆ ಅದು ಪೂರ್ವದಲ್ಲಿ ಗುಡ್ಡದ ಮೇಲೆ ತಗ್ಗಿನಲ್ಲಿತ್ತು. ಟ್ರ್ಯಾಕರ್ ಓಡುತ್ತಿರುವಂತೆಯೇ ಕ್ಯಾಮೆರಾದ ಪರದೆಯಲ್ಲಿ ಅದನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಚೌಕಳಿಯ ಗೆರೆಯೊಂದರ ಮೇಲೆ ಕೂರಿಸಿ, ಐದು ನಿಮಿಷ ಬಿಟ್ಟು ನೋಡಿದರು. ಪೂರ್ವದ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ದಕ್ಷಿಣಕ್ಕೆ ಜಾರುತ್ತಿತ್ತು, ತಿರುಪನ್ನು ಸ್ವಲ್ಪ ಏರಿಸಿದರು. ನಡುರಾತ್ರಿ ಅದೇ ನಕ್ಷತ್ರ ನೆತ್ತಿಗೆರೆಗೆ ಬಂದಾಗ ಪೂರ್ವಪಶ್ಚಿಮದ ತಪ್ಪನ್ನು ಹಾಗೆಯೇ ತಿದ್ದಿದರು. 60 ಸೆಕೆಂಡಿನಲ್ಲಿ ನಕ್ಷತ್ರ ಒಂದು ಪಿಕ್ಸೆಲ್ಲಿಗಿಂತ ಹೆಚ್ಚು ಸರಿಯಬಾರದೆಂದರೆ ಅಕ್ಷ ಕಾಲು ಡಿಗ್ರಿಯೊಳಗೆ ಇರಬೇಕು. ರಾತ್ರಿ ಒಂದು ಗಂಟೆಗೆ ತೆಗೆದ ಚಿತ್ರದಲ್ಲಿ ನಕ್ಷತ್ರಗಳು ಸಾಸಿವೆಯಂತೆ ಗುಂಡಗಿದ್ದವು. ಆ ಚಿತ್ರ ನನಗೆ ಬಂದದ್ದು ಬೆಳಗಿನ ಜಾವ ಎರಡು ಗಂಟೆಗೆ, ಅದರ ಜತೆ ಒಂದು ಅಕ್ಷರವೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಅದೇ ವಾರ ಅಂಗಳದ ದಕ್ಷಿಣದ ಅಂಚಿನಲ್ಲಿ ಮೂರು ಮುರಕಲ್ಲುಗಳನ್ನು ಅರ್ಧ ಹೂತು, ಟ್ರೈಪಾಡಿನ ಮೂರು ಕಾಲುಗಳು ಬಂದು ಕೂರುವ ಜಾಗಕ್ಕೆ ಹಿತ್ತಾಳೆಯ ಮೊಳೆ ಹೊಡೆದರು. ಪ್ರತಿ ರಾತ್ರಿ ಮೊದಲಿನಿಂದ ಹೊಂದಿಸುವ ಒಂದೂವರೆ ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿಯಿತು. ಬೆಳಗ್ಗೆ ಎಂಟಕ್ಕೆ ಮನೆ ಬಿಡಬೇಕಾದವರಿಗೆ ಇದು ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ.

ಬೆಳಕು ಮತ್ತು ಮಂಜು

ಮೊದಲ ಬೇಸಗೆಯಲ್ಲಿ ತರಿಸಿದ ಫಿಲ್ಟರಿನ ಕತೆಯನ್ನು ಇಲ್ಲಿ ಹೇಳಬೇಕು. ಅದು ಹಳದಿ ಸೋಡಿಯಂ ದೀಪಗಳ ಕಾಲದ್ದು. ಸೋಡಿಯಂ ತನ್ನ ಬೆಳಕಿನ ಬಹುಪಾಲನ್ನು 589 ನ್ಯಾನೊಮೀಟರಿನ ಆಸುಪಾಸಿನಲ್ಲಿ ಸುರಿಸುತ್ತದೆ, ಹಾಗಾಗಿ ಆ ಒಂದು ಪಟ್ಟಿಯನ್ನು ತಡೆದರೆ ಕೆಲಸವಾಗುತ್ತಿತ್ತು. ಈಗಿನ ಬಿಳಿ ಎಲ್‌ಇಡಿ ನೀಲಿಯಿಂದ ಕೆಂಪಿನವರೆಗೆ ಎಲ್ಲೆಡೆ ಹರಡಿಕೊಂಡಿರುತ್ತದೆ. ಅದನ್ನು ಸೋಸಲು ಹೊರಟರೆ ನಕ್ಷತ್ರಗಳ ಬೆಳಕೇ ಸೋಸಿಹೋಗುತ್ತದೆ. ಜಲಜನಕ ಹೊಮ್ಮಿಸುವ 656 ಮತ್ತು ಆಮ್ಲಜನಕ ಹೊಮ್ಮಿಸುವ 501 ನ್ಯಾನೊಮೀಟರ್‌ಗಳ ಎರಡು ಕಿರಿದಾದ ಪಟ್ಟಿಗಳನ್ನಷ್ಟೇ ಬಿಡುವ ಫಿಲ್ಟರುಗಳಿವೆ, ನೀಹಾರಿಕೆಗಳಿಗೆ ಅವು ಉಪಯುಕ್ತ. ಆದರೆ ಸಾಮಾನ್ಯ ಡಿಎಸ್‌ಎಲ್‌ಆರ್‌ನ ಒಳಗಿರುವ ಗಾಜೇ 656ರ ಕೆಂಪನ್ನು ಬಹುಪಾಲು ತಡೆಯುತ್ತದೆ. ಕ್ಯಾಮೆರಾವನ್ನು ಬಿಚ್ಚಿಸಿ ಆ ಗಾಜನ್ನು ತೆಗೆಸುವುದು ಬೇಡವೆಂದು ಟೀಚರ್ ನಿರ್ಧರಿಸಿದರು, ಶಾಲೆಯ ಕಾರ್ಯಕ್ರಮಗಳಿಗೂ ಅದೇ ಕ್ಯಾಮೆರಾ ಬೇಕಿತ್ತು. ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಬೀದಿದೀಪಕ್ಕಿಂತ ಹೆಚ್ಚಿನ ತೊಂದರೆ ನೆರೆಮನೆಯ ಅಂಗಳದ ದೊಡ್ಡ ಎಲ್‌ಇಡಿ ದೀಪದ್ದು. "ಹಂದಿ ಬರ್ತದೆ ಟೀಚರೇ, ಲೈಟ್ ತೆಗೆದರೆ ಆಗ್ಲಿಕ್ಕಿಲ್ಲ" ಎಂದರು ನೆರೆಯವರು. ಅದು ನ್ಯಾಯವಾದ ಮಾತು; ಕಾಡುಹಂದಿ ಒಂದು ರಾತ್ರಿ ನುಗ್ಗಿದರೆ ಮರಗೆಣಸು, ಬಾಳೆಗಳ ಗತಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ದೀಪ ಆರಿಸಿ ಎಂಬ ಮಾತನ್ನು ಟೀಚರ್ ಮತ್ತೆ ಎತ್ತಲಿಲ್ಲ. ಒಂದು ಅಗಲವಾದ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿ, ಒಳಗೆ ಬಿಳಿ ಬಣ್ಣ ಬಳಿಸಿ, ದೀಪದ ಮೇಲೆ ಮಾಡಿನಂತೆ ಕೂರಿಸಲು ಒಪ್ಪಿಗೆ ಕೇಳಿದರು. ಮೇಲಕ್ಕೂ ಪಕ್ಕಕ್ಕೂ ಹೋಗಿ ವ್ಯರ್ಥವಾಗುತ್ತಿದ್ದ ಬೆಳಕು ನೆಲಕ್ಕೆ ಬಿತ್ತು. ನೆರೆಯವರ ತೋಟದ ಅಂಚು ಮೊದಲಿಗಿಂತ ಚೆನ್ನಾಗಿ ಕಾಣತೊಡಗಿತು, ಟೀಚರ ಚಿತ್ರಗಳಲ್ಲಿ ಪಶ್ಚಿಮದಿಂದ ಹಬ್ಬುತ್ತಿದ್ದ ಬಿಳಿ ಮಬ್ಬು ತಗ್ಗಿತು. ಆಕಾಶಕಾಯಗಳ ಪ್ರಕಾಶವನ್ನು ಅಳೆಯುವ ಕಾಂತಿಮಾನದ ಲೆಕ್ಕದಲ್ಲಿ ಆಕಾಶ ಒಂದು ಮಾನದಷ್ಟು ಹೆಚ್ಚು ಬೆಳಕಾದರೆ ಅದೇ ಗುಣಮಟ್ಟದ ಚಿತ್ರಕ್ಕೆ ಎರಡೂವರೆ ಪಟ್ಟು ಹೊತ್ತು ಬೇಕಾಗುತ್ತದೆ. ಆ ಲೆಕ್ಕದಲ್ಲಿ ಪೈಪಿನ ಒಂದು ತುಂಡು ಯಾವ ಫಿಲ್ಟರಿಗಿಂತಲೂ ಹೆಚ್ಚು ಕೆಲಸ ಮಾಡಿತು.

ಮಂಜಿನ ವಿಚಾರ ಬೇರೆ. ಜನವರಿಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ಲೆನ್ಸಿನ ಮುಖಕ್ಕೆ ಹನಿ ಕೂರುತ್ತಿತ್ತು. ಪವರ್ ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿಯೊಂದನ್ನು ಲೆನ್ಸಿಗೆ ಸುತ್ತಿದ ಮೇಲೆ ಅದು ನಿಂತಿತಾದರೂ ಕೆಲವು ರಾತ್ರಿ ಆ ಪಟ್ಟಿಯೂ ಸಾಲುತ್ತಿರಲಿಲ್ಲ. ಯಾವ ರಾತ್ರಿಗಳೆಂದು ಟೀಚರ್ ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದರಿಂದ ಕಾರಣ ಸಿಕ್ಕಿತು: ಅವೆಲ್ಲ ಮನೆಯ ಹಿಂದಿನ ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟ ರಾತ್ರಿಗಳು. ಮಾವನವರೊಡನೆ ಮಾತಾಡಿ, ಅಮಾವಾಸ್ಯೆಯ ವಾರದಲ್ಲಿ ಆ ಭಾಗಕ್ಕೆ ಬೆಳಗ್ಗೆ ನೀರು ಬಿಡುವುದೆಂದು ಮಾಡಿಕೊಂಡರು. ಫೆಬ್ರವರಿಯಲ್ಲಿ ಸುತ್ತಮುತ್ತ ಸುಡುಮಣ್ಣು ಮಾಡುವಾಗ ಏಳುವ ಹೊಗೆಗೆ ಮಾತ್ರ ಯಾವ ಉಪಾಯವೂ ಇಲ್ಲ, ಆ ರಾತ್ರಿಗಳನ್ನು ಬಿಟ್ಟುಬಿಡಬೇಕು.

ದಕ್ಷಿಣಕ್ಕೆ ತಿರುಗಿದ್ದು

ಮೂರನೆಯ ತಿರುವು ಚಿತ್ರಿಸುವ ಕಾಯಗಳ ಆಯ್ಕೆಯಲ್ಲಿ ಬಂತು. ಟೀಚರ ಮೊದಲ ಪಟ್ಟಿಯಲ್ಲಿ ಸಪ್ತರ್ಷಿ ಮಂಡಲದ ಗೆಲಾಕ್ಸಿಗಳಿದ್ದವು, ಉತ್ತರ ದೇಶಗಳ ಹವ್ಯಾಸಿಗಳ ಅಚ್ಚುಮೆಚ್ಚಿನವು. ಅವರ ಅಂಗಳದಿಂದ ಅವು ಸೋಗೆಗಳ ನಡುವೆ ಇಣುಕುತ್ತವೆ. ದಕ್ಷಿಣದ ಬೈಲಿನ ಮೇಲೆ ತೆರೆದುಕೊಂಡಿರುವ ಆಕಾಶವಾದರೋ ಲಂಡನ್ನಿನವರಿಗೆ ಎಂದೂ ಕಾಣಸಿಗದ್ದು. ಕಿನ್ನರ ನಕ್ಷತ್ರಪುಂಜದ ಒಮೆಗಾ ಸೆಂಟಾರಿ ಗುಚ್ಛ ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿರುವ ಒಂದು ಕೋಟಿಯಷ್ಟು ನಕ್ಷತ್ರಗಳ ಮುದ್ದೆ. ನಮ್ಮಲ್ಲಿ ಅದು 30 ಡಿಗ್ರಿ ಎತ್ತರಕ್ಕೆ ಏರುತ್ತದೆ. ಈಟಾ ಕರೀನೆ ಎಂಬ ನಕ್ಷತ್ರದ ಸುತ್ತಲಿನ ದೊಡ್ಡ ನೀಹಾರಿಕೆ 18 ಡಿಗ್ರಿಯವರೆಗೆ ಬರುತ್ತದೆ. ಅಂಗಳ ಯಾವ ದಿಕ್ಕಿಗೆ ತೆರೆದಿದೆಯೋ ಆ ದಿಕ್ಕಿನ ಪಟ್ಟಿ ಮಾಡಿ ಎಂದು ನಾನು ಹೇಳಿದಾಗ ಅವರು ಆಕಾಶದ ನೋಟವನ್ನು ಪರದೆಯಲ್ಲಿ ತೋರಿಸುವ ಸ್ಟೆಲೇರಿಯಂ ತಂತ್ರಾಂಶದಲ್ಲಿ ತಮ್ಮ ಅಂಗಳದ ಮರಗಳ ಎತ್ತರವನ್ನೆಲ್ಲ ಗುರುತಿಸಿ, ತಿಂಗಳಿಗೆ ಎರಡೇ ಎರಡು ಕಾಯಗಳನ್ನು ಉಳಿಸಿಕೊಂಡರು.

ಜನವರಿಯ ಅಮಾವಾಸ್ಯೆಗೆ ಮಹಾವ್ಯಾಧದ ನೀಹಾರಿಕೆ. ಸುಮಾರು 1,350 ಜ್ಯೋತಿರ್ವರ್ಷ ದೂರದ ಈ ನೀಹಾರಿಕೆಯ ಹೊಟ್ಟೆ ಎಷ್ಟು ಪ್ರಖರವೆಂದರೆ 60 ಸೆಕೆಂಡಿನ ಚಿತ್ರದಲ್ಲಿ ಅದು ಬರೀ ಬಿಳಿ ಕಲೆಯಾಗಿಬಿಡುತ್ತದೆ. ಹಾಗಾಗಿ 5 ಸೆಕೆಂಡಿನ ಚಿತ್ರಗಳನ್ನೂ ತೆಗೆದು ನಡುಭಾಗಕ್ಕೆ ಜೋಡಿಸಿದರು, ಅಲ್ಲಿರುವ ನಾಲ್ಕು ಎಳೆಯ ನಕ್ಷತ್ರಗಳ ಗುಂಪು ಆಗ ಬಿಡಿಸಿಕೊಂಡು ಬಂತು. ಕತ್ತಲ ಚಿತ್ರಗಳನ್ನು, ಅಂದರೆ ಮುಚ್ಚಳ ಹಾಕಿ ತೆಗೆದು ಆಮೇಲೆ ಸೆನ್ಸರಿನ ಗದ್ದಲವನ್ನು ಕಳೆಯಲು ಬಳಸುವವನ್ನು, ಮೊದಲ ವರ್ಷ ಮರುದಿನ ಮನೆಯೊಳಗೆ ತೆಗೆಯುತ್ತಿದ್ದರು. ಒಳಗಿನ ಸೆಖೆಯಲ್ಲಿ ತೆಗೆದದ್ದು ಅಂಗಳದ ತಂಪಿಗೆ ಹೊಂದುವುದಿಲ್ಲ. ಈಗ ಕೊನೆಯ ಅರ್ಧ ಗಂಟೆ ಅಂಗಳದಲ್ಲಿಯೇ ಅದಕ್ಕೆ ಮೀಸಲು. ಲೆನ್ಸಿನ ಅಂಚಿನ ಕಪ್ಪನ್ನು ಸರಿದೂಗಿಸುವ ಬಿಳಿ ಚಿತ್ರಗಳಿಗೆ ಮುಂಜಾನೆಯ ಬೆಳಕಿನಲ್ಲಿ ಮಾವನವರ ಒಗೆದ ಪಂಚೆಯ ಎರಡು ಮಡಿಕೆಯನ್ನು ಲೆನ್ಸಿನ ಬಾಯಿಗೆ ಬಿಗಿದು ಕಟ್ಟುತ್ತಾರೆ. ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ ಒಂದಾಗಿಸುವ ಜೋಡಣೆಗೆ ಸಿರಿಲ್ ಎಂಬ ಉಚಿತ ತಂತ್ರಾಂಶ.

2023ರ ಮಾರ್ಚ್ 21ರ ಅಮಾವಾಸ್ಯೆಯ ರಾತ್ರಿ ಒಮೆಗಾ ಸೆಂಟಾರಿ ಎರಡು ಗಂಟೆಯ ಸುಮಾರಿಗೆ ನೆತ್ತಿಗೆರೆಯನ್ನು ದಾಟಿತು. ಕ್ಯಾಮೆರಾ ತನ್ನಷ್ಟಕ್ಕೆ ಒಂದರ ಹಿಂದೆ ಒಂದರಂತೆ 60 ಸೆಕೆಂಡಿನ 80 ಚಿತ್ರಗಳನ್ನು ತೆಗೆಯುತ್ತಿರುವಾಗ ಟೀಚರ್ ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದರು. ಮೋಡದ ಚೂರುಗಳೂ ಗಾಳಿಯೂ ಕೆಡಿಸಿದವನ್ನು ತೆಗೆದು ಉಳಿದದ್ದು 61. ಗುಚ್ಛ ಆ ಲೆನ್ಸಿನಲ್ಲಿ ಚಿತ್ರದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ಅಗಲವನ್ನು ತುಂಬುತ್ತದೆ, ಸುಮಾರು 560 ಪಿಕ್ಸೆಲ್. ಅಷ್ಟು ಸಣ್ಣದರಲ್ಲಿಯೂ ಅಂಚಿನ ನಕ್ಷತ್ರಗಳು ಸಕ್ಕರೆಯ ಕಣಗಳಂತೆ ಬಿಡಿಬಿಡಿಯಾಗಿ ಬಂದಿದ್ದವು.

ಈ ಪ್ರಕರಣದಿಂದ ನನಗೆ ಕಂಡದ್ದು

ಮೊದಲ ಬೇಸಗೆಯಲ್ಲಿ ಟೀಚರು ಖರ್ಚು ಮಾಡಿದ್ದು ಹೆಚ್ಚು, ತಿಳಿದುಕೊಂಡದ್ದು ಕಡಿಮೆ. ಎರಡನೆಯ ಬೇಸಗೆಯಲ್ಲಿ ಕೊಂಡದ್ದು ಬಿಸಿಪಟ್ಟಿಯೊಂದನ್ನು ಮಾತ್ರ. ನಡುವೆ ಬದಲಾದದ್ದು ಕ್ರಮ: ಒಂದು ರಾತ್ರಿಗೆ ಒಂದೇ ಬದಲಾವಣೆ, ಅದರ ಫಲ ಪುಸ್ತಕದಲ್ಲಿ. ಗೆರೆಯ ದಿಕ್ಕನ್ನು ನೋಡದೆ ಮೋಟಾರನ್ನು ದೂರಿದ್ದು ಎಷ್ಟು ಸಹಜವೋ ಅಷ್ಟೇ ದುಬಾರಿಯ ತಪ್ಪೂ ಆಗುತ್ತಿತ್ತು. ಹೊಸದಾಗಿ ಈ ಹವ್ಯಾಸಕ್ಕೆ ಬರುವವರಿಗೆ ನಾನೀಗ ಮೊದಲು ಕೇಳುವುದು ಅವರ ಕ್ಯಾಮೆರಾ ಯಾವುದೆಂದಲ್ಲ, ಅವರ ಅಂಗಳ ಯಾವ ದಿಕ್ಕಿಗೆ ತೆರೆದಿದೆ, ಅಲ್ಲಿಂದ ಧ್ರುವ ಕಾಣುತ್ತದೆಯೇ, ತೋಟಕ್ಕೆ ನೀರು ಯಾವಾಗ ಬಿಡುತ್ತೀರಿ ಎಂದು. ಆಕಾಶದ ಮೂರು ಕಡೆಯ ಚಿತ್ರ ತೆಗೆದು ಗಣಕದಿಂದಲೇ ಅಕ್ಷದ ತಪ್ಪನ್ನು ಲೆಕ್ಕ ಹಾಕಿಸುವ ವಿಧಾನವೂ ಈಗ ಇದೆ, ಲ್ಯಾಪ್‌ಟಾಪನ್ನು ಅಂಗಳಕ್ಕೆ ತರಬಲ್ಲವರಿಗೆ ಅದೂ ಒಳ್ಳೆಯದೇ. ಆದರೂ ಮೊದಲ ಸಲ ಕಲ್ಲು ಹೂಳುವಾಗ ಶಂಕುವನ್ನೇ ನೆಡಿರೆಂದು ಹೇಳುತ್ತೇನೆ, ಏಕೆಂದರೆ ಅದನ್ನು ಮಾಡಿದವರಿಗೆ ಅಕ್ಷವೆಂದರೇನು, ಧ್ರುವವೆಂದರೇನು ಎಂಬುದು ಕಣ್ಣಾರೆ ತಿಳಿಯುತ್ತದೆ.

ಈಟಾ ಕರೀನೆಯ ನೀಹಾರಿಕೆ ಇನ್ನೂ ಸರಿಯಾಗಿ ಬಂದಿಲ್ಲ. 18 ಡಿಗ್ರಿ ಎತ್ತರದಲ್ಲಿ ಅದರ ಬೆಳಕು ನೆತ್ತಿಯ ಮೇಲಿರುವುದಕ್ಕಿಂತ ಮೂರು ಪಟ್ಟು ಗಾಳಿಯನ್ನು ಹಾಯ್ದು ಬರಬೇಕು, ಜತೆಗೆ ಕ್ಯಾಮೆರಾ ಅದರ ಕೆಂಪನ್ನು ತಡೆಯುತ್ತದೆ. ಅದಕ್ಕೆ ನಾಲ್ಕು ರಾತ್ರಿಗಳ ಚಿತ್ರಗಳನ್ನು ಒಟ್ಟುಗೂಡಿಸಬೇಕೆಂದು ಟೀಚರ್ ಲೆಕ್ಕ ಹಾಕಿಟ್ಟಿದ್ದಾರೆ, ನಾಲ್ಕು ಪಟ್ಟು ಹೊತ್ತಿಗೆ ಎರಡು ಪಟ್ಟು ನಿಚ್ಚಳ. ಮುರಕಲ್ಲಿನ ಮೊಳೆಗಳ ಮೇಲೆ ಮಣ್ಣು ಕೂರದಂತೆ ಮಾವನವರು ಒಂದೊಂದು ಗೆರಟೆಯನ್ನು ಕವಚಿಟ್ಟಿದ್ದಾರೆ. ಅಡಿಕೆ ಹರಡುವಾಗ ಆ ಮೂರು ಗೆರಟೆಗಳ ಸುತ್ತ ಒಂದು ಗೇಣು ಜಾಗ ಬಿಡುವುದು ಆ ಮನೆಯಲ್ಲಿ ಈಗ ರೂಢಿಯಾಗಿದೆ.